+1 ಎಂದರೆ ಅಮೆರಿಕವೇ ಆಗಬೇಕಿಲ್ಲ: ನಡುರಾತ್ರಿಯ ಒಂದು ಮಿಸ್ಡ್ ಕಾಲ್ ಪ್ರಕರಣ

ಇದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಫೋನ್ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಹೆಸರನ್ನೂ ಕೆಲವು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ.

ಗ್ರಾಹಕರಿಗೆ ದೂರು ಬರೆದುಕೊಡುವ ನಮ್ಮ ಸಣ್ಣ ಗುಂಪಿಗೆ ಫೋನ್ ಮೋಸದ ಪ್ರಕರಣಗಳು ಬರುತ್ತಲೇ ಇರುತ್ತವೆ. ಓಟಿಪಿ ಕೊಟ್ಟವರು, ಲಿಂಕ್ ಒತ್ತಿದವರು, ವಿಡಿಯೊ ಕಾಲ್‌ನಲ್ಲಿ ನಕಲಿ ಪೊಲೀಸರಿಗೆ ಹೆದರಿದವರು ಜಾಸ್ತಿ. ಇದು ಬೇರೆ ತರಹದ್ದು. ಇಲ್ಲಿ ಯಾರೂ ಓಟಿಪಿ ಕೇಳಲಿಲ್ಲ. ಬ್ಯಾಂಕ್ ಖಾತೆಯನ್ನು ಯಾರೂ ಮುಟ್ಟಲಿಲ್ಲ. ಆ ಕಡೆಯಿಂದ ಒಬ್ಬ ಮನುಷ್ಯನೂ ಮಾತಾಡಲಿಲ್ಲ. ಆದರೂ ಆರು ಸಾವಿರಕ್ಕೂ ಜಾಸ್ತಿ ಹಣದ ಬಿಲ್ ಬಂತು.

ಹಿನ್ನೆಲೆ

ಮನೆಯಲ್ಲಿ ಇಬ್ಬರೇ. ಮೇಷ್ಟ್ರು ಹೈಸ್ಕೂಲಿನಿಂದ ನಿವೃತ್ತರಾದವರು. ಶಾರದಮ್ಮ ಅವರ ಹೆಂಡತಿ. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದ ಪೂರ್ವ ಕರಾವಳಿಯ ಒಂದು ಊರಿನಲ್ಲಿ. ಮಗಳಿಗೆ ಆಗ ಎಂಟನೇ ತಿಂಗಳು. ಬಿಪಿ ಸ್ವಲ್ಪ ಏರುಪೇರಾಗುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಬಾಣಂತನಕ್ಕೆ ಹೊರಡಬೇಕಿದ್ದ ಶಾರದಮ್ಮನಿಗೆ ವೀಸಾ ಇನ್ನೂ ಬಂದಿರಲಿಲ್ಲ.

ದಿನದ ಮಾತುಕತೆ ಎಲ್ಲ ವಾಟ್ಸ್ಆಪ್‌ನಲ್ಲೇ. ಆದರೆ ಮಳೆಗಾಲದಲ್ಲಿ ಆ ಕಡೆ ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಮೊಬೈಲ್ ಡೇಟಾ ತೆವಳುತ್ತದೆ. ಅದಕ್ಕೇ ಮಗ ಅಮ್ಮನ ಪೋಸ್ಟ್‌ಪೇಯ್ಡ್ ನಂಬರಿಗೆ ಐಎಸ್‌ಡಿ (ಹೊರದೇಶಕ್ಕೆ ಕರೆ ಮಾಡುವ ಸೌಲಭ್ಯ) ಹಾಕಿಸಿದ್ದ. ಜೊತೆಗೆ ಅಮೆರಿಕಕ್ಕೆ ಕಡಿಮೆ ದರದಲ್ಲಿ ಮಾತಾಡುವ ಪ್ಯಾಕ್ ಕೂಡ. ‘ಅಮ್ಮಾ, +1 ಇದ್ದರೆ ಅಮೆರಿಕ. ಧಾರಾಳವಾಗಿ ಮಾತಾಡು, ದುಡ್ಡಿನ ಯೋಚನೆ ಬೇಡ’ ಎಂದು ಹೇಳಿಕೊಟ್ಟಿದ್ದ. ಅಳಿಯ ಇನ್ನೊಂದು ಮಾತು ಸೇರಿಸಿದ್ದರು: ತುರ್ತಾದರೆ ಆಸ್ಪತ್ರೆಯ ಫೋನಿನಿಂದಲೇ ಕರೆ ಬರಬಹುದು, ಗೊತ್ತಿಲ್ಲದ ನಂಬರ್ ಎಂದು ಬಿಡಬೇಡಿ.

ಈ ಎರಡು ಮಾತನ್ನೂ ಹೇಳಿದವರ ಮನಸ್ಸಿನಲ್ಲಿದ್ದದ್ದು ಒಳ್ಳೆಯದೇ. ಆ ರಾತ್ರಿ ನಡೆದದ್ದು ಅರ್ಥವಾಗಬೇಕಾದರೆ ಎರಡನ್ನೂ ನೆನಪಿಟ್ಟುಕೊಳ್ಳಬೇಕು.

ಆ ರಾತ್ರಿ

ಜುಲೈ ತಿಂಗಳು, ಜಡಿಮಳೆ. ಸಂಜೆಯಿಂದ ಕರೆಂಟ್ ಇಲ್ಲ. ರಾತ್ರಿ 2.40ಕ್ಕೆ ಫೋನ್ ಒಂದೇ ಸಲ ರಿಂಗ್ ಆಗಿ ನಿಂತಿತು. ಶಾರದಮ್ಮ ಎದ್ದು ಕನ್ನಡಕ ಹಾಕಿಕೊಂಡು ನೋಡಿದರು. +1ರಿಂದ ಶುರುವಾಗುವ ನಂಬರ್. ಮುಂದಿನ ಅಂಕಿಗಳನ್ನು ಅವರು ನೋಡಲಿಲ್ಲ, ನೋಡುವ ಕಾರಣವೂ ಇರಲಿಲ್ಲ. ಅಮೆರಿಕದಲ್ಲಿ ಆಗ ಸಂಜೆ ಐದು ಗಂಟೆ ಎಂಬ ಲೆಕ್ಕ ಅವರ ತಲೆಯಲ್ಲಿ ಸದಾ ಇರುತ್ತಿತ್ತು. ವಾಟ್ಸ್ಆಪ್ ಹಚ್ಚಿದರು, ಹೋಗಲಿಲ್ಲ. ಮಿಸ್ಡ್ ಕಾಲ್ ಮೇಲೆ ಬೆರಳಿಟ್ಟರು.

ಮುಂದೆ ಆದದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. ‘ತುಂಬಾ ಹೊತ್ತು ರಿಂಗ್ ಆಗ್ತಾನೇ ಇತ್ತು. ಆಮೇಲೆ ಯಾವುದೋ ಹೆಂಗಸಿನ ದನಿ, ಇಂಗ್ಲಿಷು. ಹೋಲ್ಡ್ ಅಂದ ಹಾಗಾಯ್ತು. ಆಮೇಲೆ ಮ್ಯೂಸಿಕ್ಕು. ಆಸ್ಪತ್ರೆ ಅಂದ್ಮೇಲೆ ಕಾಯಿಸ್ತಾರಲ್ವಾ, ಕಾದೆ.’

ಮೊದಲ ಕರೆ 26 ನಿಮಿಷ. ಅದು ತಾನಾಗಿ ಕಟ್ ಆದಾಗ ಮತ್ತೆ ಮಾಡಿದರು, 31 ನಿಮಿಷ. ಮೂರನೆಯದು 21 ನಿಮಿಷ. ಪಕ್ಕದಲ್ಲೇ ಮಲಗಿದ್ದ ಮೇಷ್ಟ್ರನ್ನು ಎಬ್ಬಿಸಲಿಲ್ಲ. ಅವರಿಗೆ ಹಿಂದಿನ ವರ್ಷವಷ್ಟೇ ಸ್ಟೆಂಟ್ ಹಾಕಿದ್ದರು, ಗಾಬರಿಪಡಿಸುವುದು ಬೇಡ ಎಂದು. ಬೆಂಗಳೂರಿನ ಮಗನಿಗೂ ಅಪರಾತ್ರಿಯಲ್ಲಿ ಫೋನ್ ಮಾಡಲಿಲ್ಲ. ನಾಲ್ಕು ಗಂಟೆ ದಾಟಿದ ಮೇಲೆ ಬ್ಯಾಟರಿ ಮುಗಿದು ಫೋನ್ ಆಫ್ ಆಯಿತು. ಆವತ್ತು ಕರೆಂಟ್ ಇದ್ದಿದ್ದರೆ ಬೆಳಗಿನವರೆಗೂ ಕಾಯುತ್ತಿದ್ದೆ ಎಂದು ಅವರೇ ಹೇಳಿದರು.

ಬೆಳಿಗ್ಗೆ ಮಗಳೇ ವಿಡಿಯೊ ಕಾಲ್ ಮಾಡಿದಳು. ನಗುತ್ತಾ ಇದ್ದಳು. ‘ರಾತ್ರಿ ಫೋನ್ ಮಾಡಿದ್ದೆಯಾ?’ ಎಂದರೆ ‘ಇಲ್ಲವಲ್ಲಮ್ಮಾ, ಯಾವುದೋ ರಾಂಗ್ ನಂಬರ್ ಇರಬೇಕು’ ಎಂದಳು. ಶಾರದಮ್ಮನಿಗೆ ಹೋದ ಜೀವ ಬಂದಂತಾಯಿತು. ಆ ನಂಬರಿನ ವಿಷಯ ಅಲ್ಲಿಗೇ ಮರೆತುಹೋಯಿತು.

ಬಿಲ್ ಬಂದ ಮೇಲೆ

ತಿಂಗಳಿಗೆ ₹800ರ ಆಸುಪಾಸು ಬರುತ್ತಿದ್ದ ಬಿಲ್ ಆ ಸಲ ₹7,200 ದಾಟಿತ್ತು. ಮೇಷ್ಟ್ರು ಬಿಲ್ ಹಿಡಿದು ಕಂಪನಿಯ ಅಂಗಡಿಗೆ ಹೋದರು. ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, ‘ಅಂಕಲ್, ನಿಮ್ಮ ನಂಬರಿನಿಂದಲೇ ಐಎಸ್‌ಡಿ ಹೋಗಿದೆ, ಕಟ್ಟಲೇಬೇಕು’ ಎಂದ. ಮನೆಗೆ ಬಂದು ಕೇಳಿದರೆ ಶಾರದಮ್ಮ, ‘ಒಂದ್ಸಲ ಮಾಡಿದ್ದೆ ರೀ, ಯಾರೂ ಎತ್ತಲಿಲ್ಲ’ ಎಂದಷ್ಟೇ ಹೇಳಿದರು. ಅವರ ಮಟ್ಟಿಗೆ ಅದು ನಿಜವೇ. ಆ ಕಡೆ ಯಾರೂ ಎತ್ತಲಿಲ್ಲವಲ್ಲ! ಆದರೆ ಮೂರು ಸಲ ಮಾಡಿದ್ದು, ಗಂಟೆಗಟ್ಟಲೆ ಕಾದದ್ದು ಅವರ ಬಾಯಿಂದ ಬರಲಿಲ್ಲ. ಬಿಲ್ ನೋಡಿದ ಮೇಲೆ ಹೇಳಲು ನಾಚಿಕೆಯಾಯಿತು ಎಂದು ಆಮೇಲೆ ನಮ್ಮ ಮುಂದೆ ಹೇಳಿಕೊಂಡರು.

ಹಾಗಾಗಿ ಮೇಷ್ಟ್ರು ಕಸ್ಟಮರ್ ಕೇರ್‌ಗೆ ಕೊಟ್ಟ ಮೊದಲ ದೂರಿನಲ್ಲಿ ‘ಇಷ್ಟು ಹೊತ್ತಿನ ಕರೆ ನಾವು ಮಾಡಿಯೇ ಇಲ್ಲ’ ಎಂದಿತ್ತು. ಕೆಲವೇ ದಿನಗಳಲ್ಲಿ ಎಸ್‌ಎಂಎಸ್ ಬಂತು: ಪರಿಶೀಲಿಸಿದ್ದೇವೆ, ಶುಲ್ಕ ಸರಿಯಾಗಿದೆ, ದೂರು ಮುಗಿದಿದೆ. ಕಂಪನಿಯ ದಾಖಲೆಯಲ್ಲಿ ಮೂರು ಕರೆಯೂ ಇವೆ. ಇಲ್ಲವೇ ಇಲ್ಲ ಎಂದ ದೂರು ಅಲ್ಲಿ ನಿಲ್ಲುವುದು ಹೇಗೆ?

ಮಗ ಎರಡು ದಾರಿ ಹೇಳಿದ. ಒಂದು, ಸುಮ್ನೆ ಕಟ್ಟಿಬಿಡುವುದು. ಇನ್ನೊಂದು, ಒಂದು ಪೈಸೆಯೂ ಕಟ್ಟದೆ ಬೇರೆ ಕಂಪನಿಗೆ ಪೋರ್ಟ್ ಆಗುವುದು. ಎರಡನೆಯದು ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್‌ನಲ್ಲಿ ಗಡುವು ಮೀರಿದ ಬಾಕಿ ಇದ್ದರೆ ಪೋರ್ಟ್ ಮಾಡಿಕೊಡುವುದಿಲ್ಲ. ಬಾಕಿ ಹಾಗೇ ಬಿಟ್ಟರೆ ನಂಬರ್ ಬಂದ್ ಆಗುತ್ತದೆ. ಹೆರಿಗೆ ಹತ್ತಿರವಿರುವಾಗ ಆ ನಂಬರ್ ಕಳೆದುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಮೇಷ್ಟ್ರು ನಮ್ಮ ಬಳಿ ಬಂದದ್ದು ಈ ಹಂತದಲ್ಲಿ.

ಬಿಲ್ಲಿನ ಒಂದು ಸಾಲು

ನಾವು ಮೊದಲು ತರಿಸಿದ್ದು ಪ್ರತಿ ಕರೆಯ ವಿವರವಿರುವ ಬಿಲ್. ಮೇಷ್ಟ್ರ ಕೈಯಲ್ಲಿದ್ದದ್ದು ಮೊದಲ ಪುಟ ಮಾತ್ರ, ಅದರಲ್ಲಿ ಐಎಸ್‌ಡಿ ಎಂದು ಒಟ್ಟು ಮೊತ್ತ ಇತ್ತು. ವಿವರದ ಪುಟದಲ್ಲಿ ಮೂರು ಸಾಲು: ದಿನಾಂಕ, ಶುರುವಾದ ಹೊತ್ತು, ನಿಮಿಷ, ಹೋದ ಜಾಗ, ಹಣ. ಹೋದ ಜಾಗದ ಕಾಲಂನಲ್ಲಿ ಅಮೆರಿಕ ಇರಲಿಲ್ಲ. ಗ್ರೆನಡಾ ಎಂದಿತ್ತು. ನಂಬರ್ ಶುರುವಾಗುವುದು +1 473ರಿಂದ. ನಿಮಿಷಕ್ಕೆ ಸುಮಾರು ₹70, ಅದರ ಮೇಲೆ 18% ಜಿಎಸ್‌ಟಿ.

ಗ್ರೆನಡಾ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ದೇಶ. ಜಾಯಿಕಾಯಿಗೆ ಹೆಸರುವಾಸಿ. ಅದರ ಬಾವುಟದಲ್ಲೂ ಜಾಯಿಕಾಯಿ ಇದೆ. ಅದಕ್ಕೂ ಅಮೆರಿಕಕ್ಕೂ ಫೋನಿನ ಕೋಡ್ ಒಂದೇ. ಅಮೆರಿಕ, ಕೆನಡಾ ಅಲ್ಲದೆ ಕೆರಿಬಿಯನ್ನಿನ ಹಲವು ದೇಶಗಳೂ ಸೇರಿ ಸುಮಾರು 20 ದೇಶಗಳು +1ನ್ನು ಹಂಚಿಕೊಂಡಿವೆ. ಯಾವ ದೇಶ ಎಂದು ಹೇಳುವುದು +1 ಆದ ಮೇಲಿನ ಮೂರು ಅಂಕಿ. 876 ಜಮೈಕಾ, 767 ಡೊಮಿನಿಕಾ, 268 ಆಂಟಿಗುವಾ, 649 ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳು, 809, 829, 849 ಡೊಮಿನಿಕನ್ ರಿಪಬ್ಲಿಕ್. ಶಾರದಮ್ಮನ ಪ್ಯಾಕ್‌ಗೆ ಇವು ಯಾವುವೂ ಸೇರಿರಲಿಲ್ಲ. ಐಎಸ್‌ಡಿ ಮಾತ್ರ ಎಲ್ಲ ದೇಶಕ್ಕೂ ತೆರೆದಿತ್ತು. ನಿಮಿಷಕ್ಕೆ ಚಿಲ್ಲರೆ ಹಣ ಎಂದು ಮನೆಯವರು ನಂಬಿದ್ದ +1ರ ಒಳಗೇ ₹70ರ ದರವೂ ಇತ್ತು.

ಅಂಗಡಿಯ ಹುಡುಗನಿಗೂ ಇದು ಗೊತ್ತಿರಲಿಲ್ಲ. ಮಗ ಸಾಫ್ಟ್‌ವೇರ್ ಎಂಜಿನಿಯರ್, ಅವನಿಗೂ ಗೊತ್ತಿರಲಿಲ್ಲ. ಶಾರದಮ್ಮನಿಗೆ ಹೇಗೆ ಗೊತ್ತಾಗಬೇಕು?

ಹಣ ಯಾರಿಗೆ ಹೋಗುತ್ತದೆ

‘ನಾನು ಕಂಪನಿಗೆ ಕಟ್ಟಿದರೆ ಕಳ್ಳನಿಗೆ ಹೇಗೆ ಹೋಗುತ್ತೆ?’ ಎಂದು ಮೇಷ್ಟ್ರು ಕೇಳಿದರು. ಸರಿಯಾದ ಪ್ರಶ್ನೆ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕರೆ ಹೋದಾಗ, ಅದನ್ನು ತಲುಪಿಸಿಕೊಟ್ಟ ಕಂಪನಿಗೆ ಇಲ್ಲಿಯ ಕಂಪನಿ ನಿಮಿಷದ ಲೆಕ್ಕದಲ್ಲಿ ಹಣ ಕೊಡಬೇಕು. ಕೆಲವು ಸಣ್ಣ ದೇಶಗಳಿಗೆ ಈ ದರ ತುಂಬಾ ಜಾಸ್ತಿ. ಅಂಥ ನಂಬರುಗಳನ್ನು ಗೊಂಚಲು ಗೊಂಚಲಾಗಿ ಬಾಡಿಗೆಗೆ ಕೊಡುವ ದಲ್ಲಾಳಿಗಳಿದ್ದಾರೆ. ಬಾಡಿಗೆಗೆ ಹಿಡಿದವನಿಗೆ ಪ್ರತಿ ನಿಮಿಷದಲ್ಲೂ ಪಾಲು. ಅವನ ಕೆಲಸ ಇಷ್ಟೇ, ಜನ ಆ ನಂಬರಿಗೆ ಕರೆ ಮಾಡುವಂತೆ ಮಾಡುವುದು, ಮಾಡಿದವರನ್ನು ಆದಷ್ಟು ಹೊತ್ತು ಹಿಡಿದಿಡುವುದು. ಎಷ್ಟೋ ಸಲ ಕರೆ ಆ ದ್ವೀಪವನ್ನು ಮುಟ್ಟುವುದೇ ಇಲ್ಲ, ನಡುವೆ ಎಲ್ಲೋ ಬೇರೆ ಕಡೆ ತಿರುಗಿರುತ್ತದೆ. ಹಾಗಾಗಿ ಗ್ರೆನಡಾದವರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಒಂದೇ ರಿಂಗ್ ಕೊಟ್ಟು ಬಿಡುವುದೂ ಲೆಕ್ಕಾಚಾರವೇ. ಯಾರೂ ಎತ್ತದ ಕರೆಗೆ ಅವನಿಗೆ ಖರ್ಚಿಲ್ಲ. ಕಂಪ್ಯೂಟರ್ ಸಾವಿರಾರು ನಂಬರಿಗೆ ಹೀಗೆ ರಿಂಗ್ ಕೊಡುತ್ತಾ ಹೋಗುತ್ತದೆ, ಕೆಲವರು ತಿರುಗಿ ಮಾಡಿದರೂ ಲಾಭ. ಇನ್ನು ಶಾರದಮ್ಮ ಕೇಳಿದ ಆ ಉದ್ದದ ರಿಂಗ್ ಕೂಡ ನಿಜವಾದದ್ದು ಆಗಿರಬೇಕಿಲ್ಲ. ಕರೆ ಎತ್ತಿದ ಮೇಲೆ ರಿಂಗಿನ ಸದ್ದನ್ನೇ ರೆಕಾರ್ಡ್ ಮಾಡಿ ಕೇಳಿಸುವುದು ಈ ಮೋಸಗಾರರ ಹಳೆಯ ತಂತ್ರ. ನಾವು ‘ಇನ್ನೂ ಎತ್ತಿಲ್ಲ’ ಎಂದು ಕಾಯುತ್ತಿರುತ್ತೇವೆ, ಮೀಟರ್ ಓಡುತ್ತಿರುತ್ತದೆ.

ಈ ವಿದ್ಯೆ ಹೊಸದೇನಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ 809ರ ನಂಬರಿಗೆ ತುರ್ತಾಗಿ ಕರೆ ಮಾಡಿ ಎಂದು ಪೇಜರ್‌ಗೆ ಸಂದೇಶ ಕಳಿಸಿ ಹೀಗೇ ದೋಚುತ್ತಿದ್ದರು. ಮಿಸ್ಡ್ ಕಾಲ್ ಕೊಟ್ಟು ಬಿಡುವ ಬಗೆ 2000ದ ದಶಕದ ಆರಂಭದಲ್ಲಿ ಜಪಾನಿನಲ್ಲಿ ದೊಡ್ಡ ಸುದ್ದಿಯಾಯಿತು. ಈಗಲೂ ಜಗತ್ತಿನಾದ್ಯಂತ ಅದನ್ನು ವಾಂಗಿರಿ ಎಂಬ ಜಪಾನಿ ಹೆಸರಿನಿಂದಲೇ ಕರೆಯುತ್ತಾರೆ. 2019ರ ಮೇ ತಿಂಗಳಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ಜನರಿಗೆ ಎಚ್ಚರಿಕೆ ಕೊಟ್ಟದ್ದೂ ನಡುರಾತ್ರಿ ಬರುವ ಒಂದೇ ರಿಂಗಿನ ಕರೆಗಳ ಬಗ್ಗೆ. ಆ ಸಲ ಮುಂದೆ ಮಾಡಿದ್ದು ಪಶ್ಚಿಮ ಆಫ್ರಿಕಾದ ಮಾರಿಟೇನಿಯಾದ 222 ಕೋಡ್. ರಾತ್ರಿಯೇ ಏಕೆ ಎಂದರೆ ಉತ್ತರ ಶಾರದಮ್ಮನ ಮನೆಯಲ್ಲೇ ಇದೆ. ಹಗಲಿನ ಮಿಸ್ಡ್ ಕಾಲ್ ಯಾರದೋ ಇರಬಹುದು. ಅಪರಾತ್ರಿಯದು ನಮ್ಮವರದೇ ಎನಿಸುತ್ತದೆ.

ಎರಡನೇ ಅರ್ಜಿ

ಈ ಪ್ರಕರಣ ತಿರುಗಿದ್ದು ಶಾರದಮ್ಮ ಬಾಯಿಬಿಟ್ಟಾಗ. ಬಿಲ್ಲಿನ ಮೂರು ಸಾಲನ್ನು ಅವರ ಮುಂದಿಟ್ಟು, ಆ ಕಡೆ ಕೂತವರ ಕಸುಬೇ ಇದು, ಎಂಥವರೂ ಕಾಯುತ್ತಿದ್ದರು ಎಂದು ವಿವರಿಸಿದೆವು. ಆಗ ಅವರು ಗಳಿಗೆ ಗಳಿಗೆಯದನ್ನೂ ಹೇಳಿದರು. ರಿಂಗ್, ಹೆಂಗಸಿನ ದನಿ, ಮ್ಯೂಸಿಕ್, ಬ್ಯಾಟರಿ. ಮೇಷ್ಟ್ರು ಕೇಳಿ ಸುಮ್ಮನೆ ಕೂತರು. ಆಮೇಲೆ, ‘ನನ್ನನ್ನು ಎಬ್ಬಿಸಬೇಕಿತ್ತು ಕಣೇ’ ಎಂದರು.

ಅವರ ಫೋನಿನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಕ್ರೆಡಿಟ್ ಲಿಮಿಟ್ ಹತ್ತಿರ ಬಂದಿದೆ ಎಂಬ ಕಂಪನಿಯ ಎಸ್‌ಎಂಎಸ್. ಇಂಗ್ಲಿಷಿನಲ್ಲಿತ್ತು, ಜಾಹೀರಾತುಗಳ ನಡುವೆ ಹೂತುಹೋಗಿತ್ತು. ಅದನ್ನು ಕಳಿಸಿದ್ದು ಬೆಳಗಿನ ಜಾವ 4.12ಕ್ಕೆ, ಮೂರನೇ ಕರೆ ಮುಗಿದ ಮೇಲೆ.

ಮೊದಲ ದೂರು ತಿರಸ್ಕಾರವಾದರೂ ಅದರ ಡಾಕೆಟ್ ನಂಬರನ್ನು, ಅಂದರೆ ದೂರಿನ ಸಂಖ್ಯೆಯನ್ನು, ಮೇಷ್ಟ್ರು ಡೈರಿಯಲ್ಲಿ ಬರೆದಿಟ್ಟಿದ್ದರು. ಅದೇ ಆಧಾರವಾಯಿತು. ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಬೇಕು. ದೂರು ಕೇಂದ್ರದ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅಲ್ಲಿಗೆ ಹೋಗಬಹುದು. ಶುಲ್ಕವಿಲ್ಲ. ಅವರು 39 ದಿನದೊಳಗೆ ತೀರ್ಮಾನಿಸಬೇಕು. ಬಿಲ್ಲಿನಲ್ಲಿ ತಕರಾರಿಲ್ಲದ ಭಾಗವನ್ನು, ಅಂದರೆ ಮಾಮೂಲಿ ₹800ನ್ನು, ಮೊದಲೇ ಕಟ್ಟಿಸಿದೆವು. ರಸೀದಿಯ ಪ್ರತಿಯನ್ನು ಅರ್ಜಿಗೆ ಸೇರಿಸಿದೆವು. ದುಡ್ಡು ತಪ್ಪಿಸಲು ನೋಡುತ್ತಿಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಹೊಸ ಅರ್ಜಿಯ ಮೊದಲ ವಾಕ್ಯ ಹೀಗಿತ್ತು: ‘ಈ ಮೂರು ಕರೆಗಳು ನಮ್ಮ ಫೋನಿನಿಂದಲೇ ಹೋಗಿವೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ.’ ಆಮೇಲೆ ಮೂರು ಸಂಗತಿ. ವರ್ಷಗಟ್ಟಲೆ ಅಮೆರಿಕ ಬಿಟ್ಟು ಬೇರೆ ಯಾವ ದೇಶಕ್ಕೂ ಕರೆ ಹೋಗದ ನಂಬರಿನಿಂದ ಒಂದೇ ರಾತ್ರಿಯಲ್ಲಿ ಒಂದೇ ವಿದೇಶಿ ನಂಬರಿಗೆ 78 ನಿಮಿಷ ಹೋಗಿದೆ, ಅದೂ ಅಲ್ಲಿಂದ ಬಂದ ಮಿಸ್ಡ್ ಕಾಲ್ ಆದ ಕೂಡಲೇ. ಅಮೆರಿಕದ ಪ್ಯಾಕ್ ಕೊಡುವಾಗ +1ರಲ್ಲೇ ಬೇರೆ ದೇಶಗಳಿವೆ, ದರ ಬೇರೆ ಎಂದು ಯಾರೂ ಹೇಳಿಲ್ಲ. ಎಚ್ಚರಿಕೆಯ ಎಸ್‌ಎಂಎಸ್ ಎಲ್ಲ ಮುಗಿದ ಮೇಲೆ ಬಂದಿದೆ. ಮಿಸ್ಡ್ ಕಾಲ್ ಕಾಣುವ ಸ್ಕ್ರೀನ್‌ಶಾಟ್ ಕೂಡ ಇಟ್ಟೆವು. ಶಾರದಮ್ಮ ಕಾಲ್ ಲಿಸ್ಟ್ ಅಳಿಸದೆ ಇದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿಸಿದೆವು. ಬ್ಯಾಂಕಿನಿಂದ ಹೋದ ಹಣವನ್ನು ದಾರಿಯಲ್ಲೇ ತಡೆಯಲು ಆ ಸಹಾಯವಾಣಿ ತುಂಬಾ ಒಳ್ಳೆಯದು. ಇಲ್ಲಿ ತಡೆಯಲು ಖಾತೆಯೇ ಇರಲಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ 2024ರ ಮಾರ್ಚ್‌ನಿಂದ ಚಕ್ಷು ಎಂಬ ವಿಭಾಗವಿದೆ. ಅನುಮಾನದ ಕರೆ, ಮೆಸೇಜ್‌ಗಳನ್ನು ತಿಳಿಸಲು ಇರುವಂಥದ್ದು. ಅಲ್ಲೂ ಆ ನಂಬರ್ ಕೊಟ್ಟೆವು. ಅದರಿಂದ ಹಣ ವಾಪಸ್ ಬರುವುದಿಲ್ಲ. ಮುಂದಿನವರಿಗೆ ಉಪಯೋಗವಾದರೆ ಆಗಲಿ ಎಂದು.

ಸಿಕ್ಕಿದ್ದೆಷ್ಟು

ಕಂಪನಿ ತನ್ನ ತಪ್ಪು ಎಂದು ಒಪ್ಪಲಿಲ್ಲ. ಹಳೆಯ ಗ್ರಾಹಕರೆಂಬ ಕಾರಣಕ್ಕೆ ₹2,500 ಬಿಲ್ಲಿನಲ್ಲಿ ಕಡಿಮೆ ಮಾಡುತ್ತೇವೆ, ಉಳಿದದ್ದನ್ನು ಕಂತಿನಲ್ಲಿ ಕಟ್ಟಬಹುದು ಎಂದು ಬರೆಯಿತು.

ಇಲ್ಲಿ ಇನ್ನೊಂದು ತೀರ್ಮಾನ ಬೇಕಿತ್ತು. ಟೆಲಿಕಾಂ ಕಂಪನಿಗಳ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಬಹುದು ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ₹5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು ಹೋಗಲೇಬೇಕು ಎಂದರು. ಮೇಷ್ಟ್ರು ಒಪ್ಪಲಿಲ್ಲ. ಮಗಳ ಹೆರಿಗೆ, ತಮ್ಮ ಆರೋಗ್ಯ, ಜಿಲ್ಲಾ ಕೇಂದ್ರಕ್ಕೆ ಓಡಾಟ ಎಲ್ಲ ಲೆಕ್ಕ ಹಾಕಿ ಉಳಿದ ಹಣ ಕಟ್ಟಿದರು. ನನಗೆ ಅದು ಸರಿ ಎನಿಸಿತು. ಹಕ್ಕು ಇದೆ ಎಂದ ಮಾತ್ರಕ್ಕೆ ಎಪ್ಪತ್ತರ ಹತ್ತಿರದವರನ್ನು ಕಟಕಟೆಗೆ ತಳ್ಳುವುದು ನಮ್ಮ ಕೆಲಸವಲ್ಲ.

ಮನೆಯಲ್ಲಿ ಬದಲಾದದ್ದು

‘ಗೊತ್ತಿಲ್ಲದ ನಂಬರಿಗೆ ತಿರುಗಿ ಮಾಡಬೇಡಿ’ ಎಂದು ಎಲ್ಲರೂ ಹೇಳುತ್ತಾರೆ. ಶಾರದಮ್ಮನಿಗೂ ಅದು ಗೊತ್ತಿತ್ತು. ಬಸುರಿ ಮಗಳ ಚಿಂತೆಯಲ್ಲಿರುವ ತಾಯಿ ರಾತ್ರಿ ಎರಡೂವರೆಗೆ ಆ ಮಾತು ಪಾಲಿಸುತ್ತಾಳೆಂದು ನಂಬುವುದೇ ತಪ್ಪು. ಆ ಹೊತ್ತಿನ ತೀರ್ಮಾನವನ್ನು ಹಗಲಿನಲ್ಲೇ, ಎಲ್ಲರೂ ಕೂತು ಮಾಡಿಡಬೇಕು. ಈ ಮನೆಯವರು ಮಾಡಿದ್ದು ಅದನ್ನೇ.

ಮೊದಲಿಗೆ ಹೊರಹೋಗುವ ಐಎಸ್‌ಡಿ ತೆಗೆಸುವ ಮಾತು ಬಂತು. ಶಾರದಮ್ಮ ಸುತಾರಾಂ ಒಪ್ಪಲಿಲ್ಲ. ‘ಅದನ್ನ ತೆಗೆಸಿದ್ರೆ ಅವಳು ಫೋನ್ ಮಾಡೋದು ಹೇಗೆ?’ ಎಂದರು. ಐಎಸ್‌ಡಿ ನಿಲ್ಲಿಸಿದರೂ ವಿದೇಶದಿಂದ ಬರುವ ಕರೆ ನಿಲ್ಲುವುದಿಲ್ಲ, ಅದಕ್ಕೆ ಹಣವೂ ಇಲ್ಲ ಎಂದು ವಿವರಿಸಿದರೂ ನಂಬಿಕೆ ಬರಲಿಲ್ಲ. ಕೊನೆಗೆ ಐಎಸ್‌ಡಿ ತೆಗೆಸಿ, ಅಲ್ಲೇ ಕೂತು ಮಗಳಿಂದ ಮಾಮೂಲಿ ಕರೆ ಮಾಡಿಸಿದೆವು. ರಿಂಗ್ ಆಯಿತು, ಮಾತಾಡಿದರು, ಸಮಾಧಾನವಾಯಿತು. ಬೇರೆ ಮನೆಗಳಲ್ಲೂ ಹಿರಿಯರು ಐಎಸ್‌ಡಿ ಬಿಡಲು ಒಪ್ಪದಿರುವುದಕ್ಕೆ ಇದೇ ಭಯ ಕಾರಣ ಎಂದು ಆಮೇಲೆ ನೋಡಿದೆವು. ಕೆಲವು ಫೋನುಗಳ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕರೆ ತಡೆಯುವ ಕಾಲ್ ಬ್ಯಾರಿಂಗ್ ಎಂಬುದಿದೆ, ಆದರೆ ಎಲ್ಲ ಸಿಮ್‌ನಲ್ಲೂ ಅದು ಕೆಲಸ ಮಾಡುವುದಿಲ್ಲ. ಕಂಪನಿಯಿಂದಲೇ ನಿಲ್ಲಿಸಿ, ನಿಲ್ಲಿಸಿದೆವು ಎಂಬ ಎಸ್‌ಎಂಎಸ್ ಪಡೆಯುವುದು ಗಟ್ಟಿ. ಪ್ರಿಪೇಯ್ಡ್ ಇದ್ದರೆ ಬ್ಯಾಲೆನ್ಸ್ ಇರುವಷ್ಟೇ ಹೋಗುತ್ತದೆ. ವಯಸ್ಸಾದವರ ಫೋನಿಗೆ ಅದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಮಗಳು, ಅಳಿಯ, ಅವರ ಪಕ್ಕದ ಮನೆಯ ಕನ್ನಡದವರು, ಹೆರಿಗೆ ಆಸ್ಪತ್ರೆ, ನಾಲ್ಕೂ ನಂಬರನ್ನು ಕನ್ನಡದಲ್ಲೇ ಹೆಸರು ಹಾಕಿ ಸೇವ್ ಮಾಡಿದರು. ನಿಜವಾಗಿ ತುರ್ತಿದ್ದರೆ ಪೂರ್ತಿ ರಿಂಗ್ ಕೊಡಬೇಕು, ಮತ್ತೆ ಮತ್ತೆ ಮಾಡಬೇಕು ಎಂದು ಅಳಿಯನಿಗೆ ಹೇಳಿದರು. ಅನುಮಾನ ಬಂದರೆ ಎಷ್ಟೇ ಹೊತ್ತಾಗಿರಲಿ ಮೊದಲು ಬೆಂಗಳೂರಿನ ಮಗನಿಗೆ ಫೋನ್. ಅವನಿಗೆ ಇಂಟರ್ನೆಟ್ ಇರುತ್ತದೆ, ಅವನು ವಿಚಾರಿಸಿ ಹೇಳುತ್ತಾನೆ. ಮೇಷ್ಟ್ರನ್ನೂ ಎಬ್ಬಿಸಬೇಕು ಎಂಬುದು ಮೇಷ್ಟ್ರೇ ಸೇರಿಸಿದ ಷರತ್ತು.

ಸೆಪ್ಟೆಂಬರಿನಲ್ಲಿ ಹೆರಿಗೆಯಾಯಿತು. ಆಗಲೂ ಇಲ್ಲಿ ನಡುರಾತ್ರಿಯೇ. ಅಳಿಯನ ಹೆಸರು ಸ್ಕ್ರೀನಿನ ಮೇಲೆ ಬಂತು, ಶಾರದಮ್ಮ ಎತ್ತುವವರೆಗೂ ರಿಂಗ್ ಆಯಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಮೇಷ್ಟ್ರು ಈ ವಿಷಯವನ್ನು ನಿವೃತ್ತ ನೌಕರರ ಸಂಘದ ಸಭೆಯಲ್ಲಿ ಹೇಳಿದರು. ಮಕ್ಕಳು ಹೊರದೇಶದಲ್ಲಿರುವ ಹಲವರ ಫೋನಿನಲ್ಲಿ ಐಎಸ್‌ಡಿ ಹಾಗೇ ತೆರೆದಿತ್ತು, ಏಕೆ ಹಾಕಿಸಿದ್ದೆಂಬುದೇ ಕೆಲವರಿಗೆ ಮರೆತಿತ್ತು. ಅಲ್ಲಿಂದ ಹೊರಟ ಮೇಲೆ ನಾವೆಲ್ಲ ಸೇರಿ ಆ ಫೋನ್ ಕಂಪನಿಗೆ ಒಂದು ಪತ್ರ ಬರೆದೆವು. ಅಮೆರಿಕದ ಪ್ಯಾಕ್ ಮಾರುವಾಗ +1ರ ಯಾವ ಯಾವ ಕೋಡ್‌ಗಳು ಅದರಲ್ಲಿ ಸೇರಿಲ್ಲ ಎಂದು ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿ, ಐಎಸ್‌ಡಿಯನ್ನು ಕೇಳಿದ ದೇಶಕ್ಕೆ ಮಾತ್ರ ತೆರೆಯಿರಿ ಎಂದು. ಉತ್ತರ ಇನ್ನೂ ಬಂದಿಲ್ಲ. ಟ್ರಾಯ್‌ಗೂ ಅದರ ಪ್ರತಿ ಕಳಿಸಿದ್ದೇವೆ.